ಮುಖದ ಮೇಲಿನ ಹೊದಿಕೆ

ಸೂಜಿ ತೆಗೆದು, ಹತ್ತಿ ಒತ್ತಿ, ಹೊದಿಕೆಯನ್ನು ಅಜ್ಜನ ಮುಖದ ಮೇಲೆ ನೀಟಾಗಿ ಎಳೆದ ಮೇಲೆಯೇ ಆ ನರ್ಸಿಂಗ್ ವಿದ್ಯಾರ್ಥಿನಿಗೆ ತಾನೇನು ಮಾಡಿದೆನೆಂದು ಹೊಳೆದದ್ದು. ಪಕ್ಕದ ಮಂಚದ ರೋಗಿ ದಡಕ್ಕನೆ ಎದ್ದು ಕೂತ. "ಅಯ್ಯೋ! ಈಗ ತಾನೇ ಮಾತಾಡ್ತಾ ಇದ್ರಲ್ಲ!"

ಎಲ್ಲ ಅಭ್ಯಾಸಬಲ. ಆರು ತಿಂಗಳಿಂದ ಅವಳು ಚುಚ್ಚುತ್ತಿದ್ದದ್ದು ಕಾಲೇಜಿನ ಲ್ಯಾಬಿನಲ್ಲಿ ಮಲಗಿದ್ದ ಆಳೆತ್ತರದ ರಬ್ಬರ್ ಗೊಂಬೆಗೆ. ಹುಡುಗಿಯರು ಅದಕ್ಕಿಟ್ಟ ಹೆಸರು ಮಾವ. "ಕೆಲಸ ಮುಗಿದ ತಕ್ಷಣ ಮಾವನ ಮುಖ ಮುಚ್ಚಿ. ಧೂಳು ಕೂತ್ರೆ ಒರೆಸೋರು ನೀವೇ!" ಎಂದು ಮೇಡಂ ದಿನಾ ಗದರುತ್ತಿದ್ದರು. ಇವತ್ತು ಉಸಿರಾಡುವ ಮೊದಲ ರೋಗಿ. ಅದೇ ಮೇಡಂ ಅಂಕದ ಪುಸ್ತಕ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದಾರೆ.

"ಏನಮ್ಮಾ," ಹೊದಿಕೆಯೊಳಗಿಂದ ದನಿ ಬಂತು, "ಚುಚ್ಚೋಕೆ ಮೊದಲೇ ನನ್ನನ್ನ ಕಳಿಸಿಬಿಟ್ಯಾ?"

ಅವಳು ತಡಬಡಿಸಿ ಹೊದಿಕೆ ಸರಿಸಿದಳು. ಸೂಜಿ ಬೇಡವೆಂದು ಬೆಳಿಗ್ಗೆಯಿಂದ ರಂಪ ಮಾಡಿದ್ದ ಅಜ್ಜ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಇನ್ನೂ ತೋಳು ಚಾಚಿಕೊಂಡೇ ಮಲಗಿದ್ದರು.

"ತಪ್ಪಾಯ್ತು ಅಜ್ಜ. ಚುಚ್ಚಿ ಆಯ್ತು," ಎಂದಳು.

ಅಜ್ಜ ಒಂದೇ ಕಣ್ಣು ತೆರೆದು ತೋಳಿನ ಮೇಲಿದ್ದ ಹತ್ತಿಯನ್ನು ನೋಡಿದರು. "ಆಯ್ತಾ? ಯಾವಾಗ?"

ಪುಸ್ತಕದ ಮೇಲೆ ಇಳಿಯುತ್ತಿದ್ದ ಮೇಡಂ ಪೆನ್ನು ಅಲ್ಲೇ ನಿಂತಿತು. ಅಜ್ಜ ಇನ್ನೊಂದು ಕಣ್ಣನ್ನೂ ತೆರೆದು ಅವರತ್ತ ತಿರುಗಿದರು.

"ಮೇಡಂ, ನಾಳೆನೂ ಈ ಹುಡುಗೀನೇ ಕಳಿಸಿ. ಬೇಕಾದ್ರೆ ಇನ್ನೊಂದ್ಸಲ ಮುಖ ಮುಚ್ಚಲಿ, ಪರವಾಗಿಲ್ಲ."