ಹಪ್ಪಳದ ಕಾವಲು

ತುಮಕೂರಿನ ಡಾಕ್ಟರು ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟು, "ಇಬ್ಬರಿಗೂ ಒಂದೇ ಕಾಯಿಲೆ," ಎಂದಾಗ ದೀಪಿಕಾಳ ಕೈ ಮೂಗಿನ ಮೇಲಿನ ಬ್ಯಾಂಡೇಜಿಗೆ ಹೋಯಿತು. ಕ್ಯಾನ್ಸರ್ ಗೆಡ್ಡೆ ಕತ್ತರಿಸಿ ಹತ್ತು ದಿನವಾಗಿತ್ತು. ಪಕ್ಕದಲ್ಲಿ ಕೂತಿದ್ದ ತಂಗಿ ಸ್ಪಂದನಾಳ ಮುಖದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ಬಿಸಿಲು ಎಲ್ಲರ ಡಿಎನ್‌ಎಯನ್ನೂ ಕೆಡಿಸುತ್ತೆ. ಆ ಕೆಟ್ಟ ಜಾಗ ದಾಟಿ ಸರಿಯಾಗಿ ನಕಲು ಮಾಡೋಕೆ ಜೀವಕೋಶದಲ್ಲಿ ಒಂದು ವಿಶೇಷ ಪಾಲಿಮರೇಸ್ ಕಿಣ್ವ ಇರುತ್ತೆ. ಇವರಿಬ್ಬರಲ್ಲೂ ಅದು ಕೆಲಸ ಮಾಡಲ್ಲ. ಚಿಕ್ಕವಳು ನೆರಳಲ್ಲಿ ಬೆಳೆದು ಬಚಾವಾದ್ಲು. ದೊಡ್ಡವಳು ಅಷ್ಟೊಂದು ಬಿಸಿಲಲ್ಲಿ ಏನು ಮಾಡ್ತಿದ್ಲು?"

ಜೊತೆಗೆ ಬಂದಿದ್ದ ಅಜ್ಜಿ ಶಿವರುದ್ರಮ್ಮ ಎದ್ದು ಕೊಡೆ ಕೈಗೆತ್ತಿಕೊಂಡಳು. ಗುಬ್ಬಿಯ ಮನೆಯ ತಾರಸಿ ಮೇಲೆ ಹಪ್ಪಳ ಹರವಿದಾಗಲೆಲ್ಲ ಕಾಗೆ ಓಡಿಸಲು ಕೂರುತ್ತಿದ್ದವಳು ದೀಪಿಕಾ. ಆರು ವರ್ಷದವಳಿದ್ದಾಗ, ಮೊದಲ ಸಲ ಮೇಲೆ ಹತ್ತಿಸಿದ ದಿನ, ಅವಳ ಕೆನ್ನೆಯಲ್ಲಿ ಇದ್ದದ್ದು ನಾಲ್ಕೇ ಚುಕ್ಕೆ. "ಇವ್ಳು ಹೆಂಗಿದ್ರೂ ಚುಕ್ಕೆ ಮೋರೆ, ಹಪ್ಪಳ ಕಾಯ್ಲಿ ಬುಡು. ಬೆಳ್ಳಗಿರೋಳು ಒಳಗಿರ್ಲಿ," ಎಂದಿದ್ದಳು ಅಜ್ಜಿ. ಹದಿಮೂರು ಬೇಸಿಗೆ ದೀಪಿಕಾ ಆ ಮಾತನ್ನು ನ್ಯಾಯವೆಂದೇ ನಂಬಿ ಮೆಟ್ಟಿಲು ಹತ್ತಿದ್ದಳು.

ಆಸ್ಪತ್ರೆಯ ಬಾಗಿಲ ಹೊರಗೆ ಮಧ್ಯಾಹ್ನದ ಬಿಸಿಲು ರಣಗುಟ್ಟುತ್ತಿತ್ತು. ಅಜ್ಜಿಯ ಕೈಯಲ್ಲಿದ್ದದ್ದು ಒಂದೇ ಕೊಡೆ. ಈಗಲಾದರೂ ಎಂದುಕೊಂಡು ದೀಪಿಕಾ ಅವಳ ಹತ್ತಿರ ಸರಿದಳು. ಶಿವರುದ್ರಮ್ಮ ಕೊಡೆ ಬಿಚ್ಚಿ ಸ್ಪಂದನಾಳ ತಲೆಯ ಮೇಲೆ ಹಿಡಿದು, ಅವಳ ಭುಜ ಬಳಸಿಕೊಂಡಳು.

"ನಿಂಗೆ ಆಗೋದೆಲ್ಲ ಆಗ್ಹೋಯ್ತಲ್ಲ ಕಣೇ," ಎಂದಳು ದೀಪಿಕಾಳಿಗೆ. "ಓಡ್ಹೋಗಿ ಒಂದು ಆಟೋ ಕರ್ಕೊಂಡ್ ಬಾ."