ಸೀರೆಯಂಚಿನ ಮೆಮೊರಿ

ಊರಿಗೆ ಊರೇ ಕಂಪ್ಯೂಟರಿನೊಳಗಿನ ವರ್ಚುವಲ್ ಮೆಷಿನ್ನಿನಲ್ಲಿ ಸಂಸಾರ ಹೂಡಿ ಎರಡು ತಲೆಮಾರಾಗಿತ್ತು. ಆದರೂ ಹೆಣ್ಣು ನೋಡಲು ಬರುವ ದಿನವೇ ರೆಸಲ್ಯೂಶನ್ ಬಿದ್ದುಹೋಗುವುದು ಮಾತ್ರ ತಪ್ಪಿರಲಿಲ್ಲ. ಮಂದಾಕಿನಿ ಕನ್ನಡಿ ನೋಡಿಕೊಂಡಳು. ಕಣ್ಣಿಗೆರಡು ಚೌಕ, ಮೂಗಿಗೊಂದು ಚೌಕ. ಬೊಟ್ಟು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ರೀಸ್ಟಾರ್ಟ್ ಮಾಡಿದ್ರಾ ಮೇಡಂ?" ಎಂದ ಫೋನಿನಲ್ಲಿ ರಿಪೇರಿಯವನು.

"ಮಾಡಿದ್ವಿ. ಉಪ್ಪಿಟ್ಟು ಆರಿಹೋಯ್ತು, ಅಷ್ಟೇ."

"ಹಾಗಾದ್ರೆ ಮನೆಯ ಡಿಸ್‌ಪ್ಲೇ ಮೆಮೊರಿನೆಲ್ಲ ಯಾವುದೋ ಒಂದೇ ವಸ್ತು ನುಂಗ್ತಿರ್ಬೇಕು. ಹುಡುಕಿ ನೋಡಿ."

ಹುಡುಕುವ ಪ್ರಮೇಯವೇ ಬರಲಿಲ್ಲ. ಅವಳು ಉಟ್ಟಿದ್ದ ಸೀರೆಯ ಜರಿ ಅಂಚು ಎಳೆ ಎಳೆಯಾಗಿ ಫಳಫಳಿಸುತ್ತಿತ್ತು.

"ಅಮ್ಮಾ! ಇದ್ದಬದ್ದ ಮೆಮೊರಿನೆಲ್ಲ ಅಂಚಿಗೆ ಸುರಿದಿದ್ದೀಯಾ?"

"ಬಂದೋರು ಮೊದಲು ನೋಡೋದೇ ಅಂಚನ್ನ ಕಣೇ," ಎಂದರು ತಾಯಿ ಪಂಕಜಮ್ಮ, ಚೂರೂ ಅಳುಕದೆ. "ಮುಖ ಮದುವೆಯಾದ ಮೇಲೆ ನಿಧಾನಕ್ಕೆ ನೋಡ್ಕೊಳ್ಳಲಿ."

ಅಷ್ಟರಲ್ಲಿ ಗಂಡಿನ ಕಡೆಯವರು ಬಂದು ಸೋಫಾದಲ್ಲಿ ಕೂತೇಬಿಟ್ಟರು. ಮಂದಾಕಿನಿ ರೇಗಿಹೋಗಿ ಅಂಚಿನ ಮೆಮೊರಿಯನ್ನು ಕಿತ್ತು ಮನೆಗೆಲ್ಲ ಹಂಚಿದಳು. ಉಪ್ಪಿಟ್ಟಿನ ಸಾಸಿವೆ ಕಂಡಿತು, ಅವಳ ಮೂಗು ಕಂಡಿತು, ಜರಿ ಹೋಗಿ ಬರೀ ಹಳದಿ ಪಟ್ಟಿಯಾಯಿತು. ಪಂಕಜಮ್ಮ ತಲೆ ಚಚ್ಚಿಕೊಂಡರು.

ಹುಡುಗ ಮಾತ್ರ ಇನ್ನೂ ಚೌಕಗಳ ಗುಡ್ಡೆಯಾಗಿಯೇ ಇದ್ದ. ನೆಂಟರು ತಂತಮ್ಮ ಮನೆಯ ಮೆಮೊರಿ ಹೊತ್ತು ಬರುವುದು ಆ ಊರಿನ ಪದ್ಧತಿ.

"ನಿಮ್ಮ ಮುಖ ಎಲ್ಲಿ?" ಎಂದು ಮಂದಾಕಿನಿ ಕಾಫಿ ಕೊಡುತ್ತಾ ಪಿಸುಗುಟ್ಟಿದಳು.

ಹುಡುಗ ಪಕ್ಕದಲ್ಲಿದ್ದ ತನ್ನ ತಾಯಿಯತ್ತ ಕಣ್ಣುಗಳೆರಡನ್ನೂ, ಅಂದರೆ ಎರಡು ಚೌಕಗಳನ್ನು, ಹೊರಳಿಸಿದ. ಆಕೆಯ ಕೊರಳಿನ ಅವಲಕ್ಕಿ ಸರದ ಒಂದೊಂದು ಮಣಿಯೂ ಮಿರಮಿರ ಮಿಂಚುತ್ತಿತ್ತು.

"ಅಲ್ಲಿ ನೇತಾಡ್ತಾ ಇದೆ ನೋಡಿ," ಎಂದ.