ದಿನಕ್ಕೆ ಹತ್ತು ಪ್ರಶ್ನೆ

ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಲೇ ಅವಳು ಎಡಗೈಯಲ್ಲಿ ಐದನೆಯ ಕಾರ್ಡು ಎತ್ತಿಕೊಂಡಳು.

"ನೂರು ವರ್ಷಗಳ ಯುದ್ಧ ಎಷ್ಟು ವರ್ಷ ನಡೀತು?"

ಗಂಡ ಗೋಡೆಗೆ ಒರಗಿ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರು. ಈಚೆಗೆ ಅದೊಂದು ಹೊಸ ಅಭ್ಯಾಸ. ಅವಳು ಇಸ್ತ್ರಿ ಹಾಕಲು ಶುರುಮಾಡಿದರೆ ಸಾಕು, ಕಾವಲುಗಾರನ ಹಾಗೆ ಬಂದು ನಿಲ್ಲುವುದು.

"ನೂರ ಹದಿನಾರು," ಎಂದರು.

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ರೀ, ಹೆಸರಲ್ಲೇ ಉತ್ತರ ಇದೆಯಲ್ರೀ! ನೂರು ವರ್ಷದ ಯುದ್ಧ ನೂರು ವರ್ಷ ಅಲ್ದೆ ಇನ್ನೆಷ್ಟು ನಡೆಯುತ್ತೆ?"

ಅವರು ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ತಲೆ ಕೆರೆದುಕೊಂಡು ನಕ್ಕರು. "ಹೌದಲ್ಲ! ಬೆಂಚಿನ ಮೇಲೆ ನಿಲ್ಲಿಸ್ಬಿಡಿ ಟೀಚರಮ್ಮ."

ಅವಳಿಗೆ ನಗು ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಅವರ ಉತ್ತರ ಬರೆದು ಪಕ್ಕದಲ್ಲಿ ಕೆಂಪು ಗುರುತು ಹಾಕಿದಳು.

ಇಪ್ಪತ್ತಾರು ವರ್ಷ ಚರಿತ್ರೆ ಪಾಠ ಹೇಳಿದವಳು ಅವಳು. ಶಾಲೆಯ ರಸಪ್ರಶ್ನೆ ತಂಡಕ್ಕೆಂದು ಮುನ್ನೂರು ಕಾರ್ಡುಗಳನ್ನು ಕೈಯಾರೆ ಬರೆದಿದ್ದಳು. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮಕ್ಕಳ ಎದುರು ಒಮ್ಮೆಯೂ ಕಾರ್ಡು ತಿರುಗಿಸಿ ನೋಡಿದವಳಲ್ಲ. ತಿರುಗಿಸುವುದು ಗೊತ್ತಿಲ್ಲದವರ ಕೆಲಸ ಎಂದು ಅವಳ ಜಂಬ. ಗಡಿಯಾರ ರಿಪೇರಿಯ ಗಂಡ ಆಗೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ಎತ್ತದೆಯೇ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದರು. ಅಂಥವರಿಗೆ ಹೀಗಾಗಬೇಕೆ?

"ಯಾಕೋ ನನ್ನ ತಲೇನೇ ಸರಿಯಿಲ್ಲ, ಡಾಕ್ಟರ ಹತ್ರ ಜೊತೆಗೆ ಬಾ," ಎಂದು ಹೋದ ತಿಂಗಳು ಅವರೇ ಕರೆದುಕೊಂಡು ಹೋಗಿದ್ದರು. ಡಾಕ್ಟರು ಒಳ್ಳೆಯವರು. ಸುಮ್ಮನೆ ಕೂತ ಅವಳಿಗೆ ಬೇಸರವಾಗದಿರಲೆಂದೋ ಏನೋ, ಇವತ್ತು ಯಾವ ವಾರ, ಮನೆಗೆ ಯಾವ ದಾರಿ ಎಂದು ಅವಳನ್ನೂ ಮಾತಾಡಿಸಿದ್ದರು. ಕೊನೆಗೆ, "ದಿನಕ್ಕೆ ಹತ್ತು ಪ್ರಶ್ನೆ. ಆಟದ ಹಾಗಿರಲಿ. ಬರೆದಿಟ್ಟು ಮುಂದಿನ ಸಲ ತನ್ನಿ," ಎಂದಿದ್ದರು. ಮುಂದಿನ ಸಲ ಎಂದರೆ ಬರುವ ಶುಕ್ರವಾರ.

ಮೊದಲ ವಾರ ಎಂಟು ಸರಿ. ಆಮೇಲೆ ಆರು. ನಿನ್ನೆ ನಾಲ್ಕು.

ಅವಳ ಹೆದರಿಕೆ ಅಂಕಗಳದ್ದಲ್ಲ. ಒಂದು ಬೆಳಿಗ್ಗೆ ಈ ಮನುಷ್ಯ ತನ್ನ ಮುಖ ನೋಡಿ "ನೀವು ಯಾರು?" ಎಂದುಬಿಟ್ಟರೆ? ಮೂವತ್ತೆಂಟು ವರ್ಷ ಅಷ್ಟೊತ್ತಿಗೆ ಎಲ್ಲಿ ಹೋಗಿರುತ್ತವೆ? ಅಂಗಡಿಯ ಬೀಗದ ಕೈ ಸೋಪಿನ ಪುಡಿಯ ಡಬ್ಬದಲ್ಲಿ ಸಿಕ್ಕಿತ್ತು. ಹಾಲಿನ ಪಾತ್ರೆ ಎರಡು ಸಲ ಹೊತ್ತಿ ಕರಿಯಾಗಿತ್ತು. ಎರಡು ಸಲವೂ ಅವರು, "ನಂದೇ ತಪ್ಪು ಮಾರಾಯ್ತಿ," ಎಂದು ತಾವೇ ಪಾತ್ರೆ ಉಜ್ಜಿದ್ದರು. ಎರಡನೆಯ ಸಲ ಅವರು ಅಂಗಡಿಯಲ್ಲಿದ್ದರಲ್ಲವೇ? ನಡುವೆ ಬಂದು ಹೋಗಿರಬೇಕು, ಅದನ್ನೂ ಮರೆತಿರಬೇಕು. ನಿನ್ನೆ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತು ಮಗಳಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: "ನಾಲ್ಕಕ್ಕೆ ಇಳೀತಮ್ಮಾ. ಅಮ್ಮನ ಹತ್ರ ಏನೂ ಬಾಯಿಬಿಡಬೇಡ. ಹೆದರಿಬಿಡ್ತಾಳೆ."

"ಆರನೇ ಜಾರ್ಜ್ ದೊರೆಯ ಮೊದಲ ಹೆಸರೇನು?"

"ಆಲ್ಬರ್ಟ್."

"ಜಾರ್ಜ್ ರೀ, ಜಾರ್ಜ್!" ಅವಳು ಇನ್ನೊಂದು ಕೆಂಪು ಗುರುತು ಹಾಕಿದಳು. "ಹೋಗ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿ. ನಮ್ಮ ಕ್ಯಾಲೆಂಡರಿನ ಪ್ರಕಾರ ಯಾವ ತಿಂಗಳು?"

ಅವರು ತಡೆದು ತಡೆದು ಹೇಳಿದರು. "ನವೆಂಬರ್... ಅಲ್ವಾ?"

ಒಂದನೆಯ ಕ್ಲಾಸಿನ ಮಗುವೂ ಎಡವದ ಪ್ರಶ್ನೆ. ಹತ್ತು ಮುಗಿದಾಗ ಮೂರೇ ಸರಿ. ಅವಳು ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿದಳು.

ಅವರು ಸ್ವಿಚ್ಚು ಆರಿಸಿ ವಯರು ಕಿತ್ತರು. ಒಳಗೆ ಹೋಗಿ ಗ್ಯಾಸು ನೋಡಿಬಂದರು. ಚಪ್ಪಲಿ ಮೆಟ್ಟುತ್ತ, "ಎಲ್ಲಿಗಾದ್ರೂ ಹೋಗೋದಿದ್ರೆ ಫೋನ್ ಮಾಡು, ನಾನೂ ಬರ್ತೀನಿ," ಎಂದರು.

ಪಾಪ, ಒಬ್ಬರೇ ಓಡಾಡಲೂ ಹೆದರಿಕೆಯಾಗಿದೆ ಎಂದುಕೊಂಡಳು.

ಬಾಗಿಲು ಹಾಕಿ ಬರುವಾಗ ಸೆರಗು ತಾಗಿ ಕಾರ್ಡುಗಳ ಕಟ್ಟು ನೆಲಕ್ಕೆ ಬಿತ್ತು. ಕೂತು ಆರಿಸತೊಡಗಿದಳು. ಒಂದು ಕಾರ್ಡು ಬೋರಲಾಗಿ ಬಿದ್ದಿತ್ತು. ಅವಳದೇ ದುಂಡು ಅಕ್ಷರ:

'ನೂರ ಹದಿನಾರು. ಹೆಸರು ನೋಡಿ ಮಕ್ಕಳು ಮೋಸ ಹೋಗುತ್ತಾರೆ, ಕೊನೆಯ ಸುತ್ತಿಗೆ ಇಡಬೇಕು.'

ಅವಳು ಅದನ್ನು ಮೂರು ಸಲ ಓದಿದಳು. ಪಕ್ಕದ್ದನ್ನು ತಿರುಗಿಸಿದಳು. ಆಲ್ಬರ್ಟ್. ಅದರ ಪಕ್ಕದ್ದು. ನವೆಂಬರ್. ನೋಟ್‌ಬುಕ್ಕು ತೆಗೆದು, ಹಾಳೆಯಿಂದ ಹಾಳೆಗೆ, ಒಂದೊಂದು ಕೆಂಪು ಗುರುತಿಗೂ ಕಾರ್ಡು ಹುಡುಕಿ ತಿರುಗಿಸುತ್ತ ಹೋದಳು. ಅವರ ಒಂದು ಉತ್ತರವೂ ತಪ್ಪಿರಲಿಲ್ಲ.

ಹಾಲಿನ ಪಾತ್ರೆ. ಬೀಗದ ಕೈ. ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದಾಗ ತಾನು ಏನು ಹೇಳಿದ್ದೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸಂಜೆ ಅವರು ಒಳಬರುತ್ತಲೇ ಗ್ಯಾಸಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಎಂದಿನಂತೆ ಕೇಳಿದರು. "ಹೇಗೆ ಟೀಚರಮ್ಮ, ನಾನು ಪಾಸಾ ಫೇಲಾ?"

ಅವಳು ಅವರ ಮುಖವನ್ನು ಕಂಠಪಾಠ ಮಾಡುವವಳ ಹಾಗೆ ನೋಡಿದಳು.

"ಫೇಲು," ಎಂದಳು. "ನೂರು ವರ್ಷದ ಯುದ್ಧಾನೂ ಗೊತ್ತಿಲ್ಲ ನಿಮಗೆ. ನಾಳೆ ಓದ್ಕೊಂಡು ಬನ್ನಿ."

ಅವರು ನಿರಾಳವಾಗಿ ನಕ್ಕು ಕೈಕಾಲು ತೊಳೆಯಲು ಹೋದರು. ಅವಳು ಕಾರ್ಡುಗಳನ್ನು ಪ್ರಶ್ನೆ ಮೇಲಾಗಿ ಜೋಡಿಸಿ ದಾರ ಕಟ್ಟಿದಳು. ಶುಕ್ರವಾರ ರೋಗಿಯ ಕುರ್ಚಿಯಲ್ಲಿ ತಾನೇ ಮೊದಲು ಹೋಗಿ ಕೂರಬೇಕು. ಅಲ್ಲಿಯವರೆಗೆ ಈ ಮರೆವು ಅವರದಾಗಿಯೇ ಇರಲಿ. ಅಷ್ಟರೊಳಗೆ ಇದನ್ನೂ ತಾನು ಮರೆಯದಿದ್ದರೆ.